ಧನಲಕ್ಷ್ಮಿ ದನಲಕ್ಷ್ಮಿಯಾದ ಬಗೆ

ಹಾನಗಲ್ಲಿನ ಪೇಟೆಬೀದಿಯಲ್ಲಿ ಹೊಸದೊಂದು ಕಿರಾಣಿ ಅಂಗಡಿ ತೆರೆಯಿತೆಂದು ಓದುಗರು ಭಾವಿಸಿಕೊಳ್ಳಲಿ. ಅಂಗಡಿಯ ಹೆಸರು ‘ಧನಲಕ್ಷ್ಮಿ’. ನಾಮಫಲಕವನ್ನು ಊರಿನ ತರುಣನೊಬ್ಬ ಗಣಕಯಂತ್ರದ ಮುಂದೆ ಕುಳಿತು ಸಿದ್ಧಪಡಿಸಿದ್ದಾನೆ. ಅಕ್ಷರಗಳ ಮೂಲೆಗಳು ಚೂಪಾಗಿ ಕಂಡುದರಿಂದ, ನೋಟಕ್ಕೆ ಹಿತವಾಗಲೆಂದು, ಒಂದೇ ಆಜ್ಞೆಯಿಂದ ಅವನು ಎಲ್ಲ ಮೂಲೆಗಳನ್ನೂ ದುಂಡಾಗಿಸಿದ. ಮರುದಿನ ಫಲಕ ಮೇಲೇರಿತು. ಅಂಗಡಿಯ ಯಜಮಾನರು ಕತ್ತೆತ್ತಿ ನೋಡಿದರು. ಮತ್ತೊಮ್ಮೆ ಕನ್ನಡಕ ಒರೆಸಿಕೊಂಡು ನೋಡಿದರು.

“ತಮ್ಮಾ, ನಮ್ಮದು ಧನಲಕ್ಷ್ಮಿ ಅಂಗಡಿಪಾ. ದನಲಕ್ಷ್ಮಿ ಅಂತ ಬರದಿಯಲ್ಲೋ!”

“ನಾ ಬರೋಬ್ಬರಿ ಟೈಪ್ ಮಾಡೇನ್ರಿ ಯಜಮಾನ್ರ. ಮೂಲಿ ರೌಂಡ್ ಮಾಡೂ ಮುಂದ ಕಂಪ್ಯೂಟರ್ ಅದನ್ನ ನುಂಗೇತ್ರಿ.”

ತರುಣನ ಮಾತು ಸುಳ್ಳಲ್ಲ. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ವ್ಯತ್ಯಾಸವಾದರೂ ಎಷ್ಟು? ಅಕ್ಷರದ ಅಡಿಯಲ್ಲಿರುವ ಒಂದು ಚಿಕ್ಕ ಗೀಟು. ‘ಡ’ ‘ಢ’ವಾಗುವುದೂ, ‘ಬ’ ‘ಭ’ವಾಗುವುದೂ, ‘ಪ’ ‘ಫ’ವಾಗುವುದೂ ಅಂಥ ಗೀಟಿನಿಂದಲೇ. ಆ ಗೀಟು ಅಳಿಸಿಹೋದರೆ ಧನವು ದನವಾಗುತ್ತದೆ, ಭಾರವು ಬಾರವಾಗುತ್ತದೆ. ಮೂಲೆಯನ್ನು ದುಂಡಾಗಿಸುವ ಉಪಕರಣಕ್ಕೆ ಕನ್ನಡ ತಿಳಿಯದು. ಅದಕ್ಕೆ ತಿಳಿದಿರುವುದು ಒಂದು ಸಂಖ್ಯೆ ಮಾತ್ರ.

ಇದು ನಗುವ ಮಾತೆನಿಸಿದರೂ ನಕ್ಕು ಬಿಡುವ ಮಾತಲ್ಲ. ಇಂದು ಕನ್ನಡ ಕಣ್ಣಿಗೆ ಬೀಳುವ ಬಹುಪಾಲು ಎಡೆಗಳಲ್ಲಿ — ಮದುವೆಯ ಕರೆಯೋಲೆ, ಔಷಧದ ಚೀಟಿ, ಬಸ್ಸಿನ ಹಣೆಬರಹ, ಶಾಲೆಯ ಫಲಕ — ಅಕ್ಷರವು ಕುಂಚದಿಂದಲ್ಲ, ಚಿತ್ರರಚನೆಯ ತಂತ್ರಾಂಶದಿಂದ ಹೊರಬರುತ್ತಿದೆ. ಆದುದರಿಂದ ಆ ತಂತ್ರಾಂಶಗಳಲ್ಲಿ ಮೂಲೆ ದುಂಡಾಗಿಸುವ ಉಪಕರಣ ಹೇಗಿರಬೇಕೆಂದು ಕೇಳುವುದು, ಅಕ್ಷರ ಹೇಗಿರಬೇಕೆಂದು ಕೇಳಿದಂತೆಯೇ ಸರಿ.

ದುಂಡುತನದ ನಾಡು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು — 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯ ಈ ಸೀಮೆಗೆ ಮೂಲೆಯನ್ನು ದುಂಡಾಗಿಸುವ ವಿದ್ಯೆ ಹೊಸದಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯಕ್ಕೆ ಹೋದವರು ಮಂಟಪದ ನಡುವೆ ನಿಂತು ಮೇಲೆ ನೋಡಿದರೆ, ಎಂಟು ಮೂಲೆಗಳ ತಳಹದಿಯ ಮೇಲೆ ಸುತ್ತುಸುತ್ತಾಗಿ ಕಿರಿದಾಗುತ್ತ ಏರಿ, ಕೊನೆಗೆ ತೂಗುವ ಕಮಲವಾಗುವ ವಿಶಾಲವಾದ ಛತ್ತನ್ನು ಕಾಣುವರು. ಕಲ್ಯಾಣ ಚಾಳುಕ್ಯರ ಕಾಲದ ಶಿಲ್ಪಿ ಮೂಲೆಯಿಂದ ವರ್ತುಲಕ್ಕೆ ಕಲ್ಲನ್ನು ಕರೆದೊಯ್ದ ಬಗೆ ಅದು. ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯೊಳಗೆ, ಜನರು ಅರವತ್ತು ಕಂಬದ ಗುಡಿಯೆಂದು ಕರೆಯುವ ನಗರೇಶ್ವರ ದೇವಾಲಯದಲ್ಲಿ, ತಿರುಗಣೆಯಲ್ಲಿ ಕಡೆದ ಕಂಬಗಳು ಸಾಲುಗಟ್ಟಿ ನಿಂತಿವೆ. ಬಳಪದ ಕಲ್ಲು ಮೃದುವಾದುದರಿಂದ ಅಂಥ ನಯ ಸಾಧ್ಯವಾಯಿತು. ಆದರೆ ಎಲ್ಲಿ ಏಣು ಉಳಿಯಬೇಕು, ಎಲ್ಲಿ ಉರುಟಾಗಬೇಕು ಎಂಬುದನ್ನು ತೀರ್ಮಾನಿಸಿದ್ದು ಕಲ್ಲಲ್ಲ, ಕೈ.

ಅಕ್ಷರದ ವಿಷಯದಲ್ಲಿಯೂ ಹೀಗೆಯೇ. ಹಿರೇಕೆರೂರು ತಾಲೂಕಿನ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ ಶಾಸನವುಂಟು. ಆ ಕಾಲದ ಶಾಸನಗಳಲ್ಲಿ ಅಕ್ಷರಗಳು ದುಂಡಗೆ, ಮುತ್ತು ಪೋಣಿಸಿದಂತೆ ಸಾಲಾಗಿ ಕುಳಿತಿರುವುದನ್ನು ಯಾರೂ ನೋಡಬಹುದು. ಕನ್ನಡ ಲಿಪಿಯ ಈ ದುಂಡುತನಕ್ಕೆ ತಾಳೆಯೋಲೆಯೂ ಒಂದು ಕಾರಣವೆಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ: ಕಂಟದಿಂದ ನಾರಿನ ಜಾಡಿನಲ್ಲಿ ನೇರವಾದ ಗೆರೆ ಎಳೆದರೆ ಓಲೆ ಸೀಳಿಹೋಗುವ ಭಯ, ಬಳುಕಿನ ಗೆರೆಗೆ ಆ ಭಯ ಕಡಮೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾದುದು, ಕಲ್ಲಚ್ಚೆಂದರೆ ಅಲ್ಲಿಯೂ ಬರೆದ ಕೈಯ ಬಳುಕೇ ಅಚ್ಚಾಗಿ ಇಳಿಯುತ್ತಿದ್ದುದು.

ಮೊನ್ನೆಮೊನ್ನೆಯವರೆಗೆ ತಾಲೂಕಿನ ಊರುಗಳಲ್ಲಿ ಬೋರ್ಡು ಬರೆಯುತ್ತಿದ್ದ ಪೇಂಟರನೂ ಇದೇ ಪರಂಪರೆಗೆ ಸೇರಿದವನು. ಅವನ ಕುಂಚ ತಲೆಕಟ್ಟಿನ ತಿರುವಿನಲ್ಲಿ ತಾನಾಗಿ ಮೆಲ್ಲಗೆ ತಿರುಗುತ್ತಿತ್ತು. ‘ಧ’ದ ಗೀಟಿನ ಬಳಿ ಬಂದಾಗ ಅವನು ಕುಂಚದ ತುದಿಯನ್ನು ಮೊನೆ ಮಾಡಿಕೊಂಡು ಆ ಗೀಟನ್ನು ಬೇರೆಯಾಗಿಯೇ ಹಾಕುತ್ತಿದ್ದ. ಯಾವ ಮೂಲೆ ಅಲಂಕಾರಕ್ಕೆ, ಯಾವುದು ಅರ್ಥಕ್ಕೆ ಎಂಬ ವಿವೇಕ ಅವನ ಮಣಿಕಟ್ಟಿನಲ್ಲಿತ್ತು.

ಯಂತ್ರವು ಗೆರೆ ಎಳೆಯುವ ಪರಿ

ಗಣಕಯಂತ್ರದಲ್ಲಿ ಚಿತ್ರವನ್ನು ಎರಡು ವಿಧವಾಗಿ ಕೂಡಿಡಬಹುದು. ಒಂದು, ರಂಗೋಲಿಯ ಪುಡಿಯಂತೆ ಲಕ್ಷಾಂತರ ಚುಕ್ಕೆಗಳಾಗಿ, ಛಾಯಾಚಿತ್ರಗಳು ಹೀಗೆ. ಇನ್ನೊಂದು, ಚುಕ್ಕೆಗಳನ್ನು ಬಿಟ್ಟು, ‘ಇಲ್ಲಿಂದ ಅಲ್ಲಿಗೆ, ಈ ಬಳುಕಿನಲ್ಲಿ ಗೆರೆ’ ಎಂಬ ಲೆಕ್ಕವನ್ನಷ್ಟೇ ಬರೆದಿಡುವುದು. ಇದಕ್ಕೆ ವೆಕ್ಟರ್ ಚಿತ್ರವೆಂದು ಹೆಸರು. ಲೆಕ್ಕಕ್ಕೆ ಗಾತ್ರದ ಹಂಗಿಲ್ಲ. ಆದುದರಿಂದ ಚೀಟಿಯ ಮೇಲಿನ ಅಕ್ಷರವನ್ನೇ ಹಿಗ್ಗಿಸಿ ಇಪ್ಪತ್ತು ಅಡಿಯ ಫಲಕಕ್ಕೆ ತಂದರೂ ಅಂಚು ಮಸುಕಾಗದು.

ಈ ಬಳುಕಿನ ಲೆಕ್ಕವನ್ನು ಜಗತ್ತಿಗೆ ಕೊಟ್ಟವರು ಫ್ರಾನ್ಸಿನ ಮೋಟಾರು ಕಾರ್ಖಾನೆಗಳ ಇಬ್ಬರು ತಜ್ಞರು. ಸಿಟ್ರಾನ್ ಕಾರ್ಖಾನೆಯ ಪಾಲ್ ದ ಕ್ಯಾಸ್ಟೆಲ್ಜೊ 1959ರಲ್ಲಿಯೂ, ರೆನೊ ಕಾರ್ಖಾನೆಯ ಪಿಯರ್ ಬೆಜಿಯೆ 1960ರ ದಶಕದಲ್ಲಿಯೂ ಕಾರಿನ ಮೈಯ ಉಬ್ಬುತಗ್ಗುಗಳನ್ನು ಗಣಿತದಲ್ಲಿ ಹಿಡಿಯಲು ದಾರಿ ಕಂಡುಕೊಂಡರು. ಗೆರೆಯ ಎರಡು ತುದಿಗಳಿಗೆ ಎರಡು ಬಿಂದು, ಅದನ್ನು ಬಾಗಿಸಲು ಎರಡು ಹಿಡಿಕೆ. ಈ ನಾಲ್ಕರಿಂದ ಬಳುಕು ಹುಟ್ಟುತ್ತದೆ. ಇದೇ ಗೆರೆ ಮುಂದೆ 1984ರ ಪೋಸ್ಟ್‌ಸ್ಕ್ರಿಪ್ಟ್, 1987ರ ಇಲಸ್ಟ್ರೇಟರ್, 1989ರ ಕೋರೆಲ್‌ಡ್ರಾ, 2003ರಲ್ಲಿ ಆರಂಭವಾದ ಉಚಿತ ತಂತ್ರಾಂಶ ಇಂಕ್‌ಸ್ಕೇಪ್ — ಎಲ್ಲದರ ಜೀವಾಳವಾಯಿತು.

ಈ ಗೆರೆಯಿಂದ ನಿಜವಾದ ವೃತ್ತವನ್ನು ಎಳೆಯಲು ಬರುವುದಿಲ್ಲವೆಂಬುದು ಒಂದು ಸೋಜಿಗ. ಕಾಲುವೃತ್ತ ಬೇಕಾದರೆ ಹಿಡಿಕೆಯ ಉದ್ದವನ್ನು ತ್ರಿಜ್ಯದ ಸುಮಾರು 0.5523ರಷ್ಟು ಇಟ್ಟುಕೊಳ್ಳಬೇಕು, ಆಗ ಬರುವ ಗೆರೆ ವೃತ್ತಕ್ಕಿಂತ ಹತ್ತುಸಾವಿರದಲ್ಲಿ ಮೂರು ಪಾಲಿನಷ್ಟೂ ತಪ್ಪದು. ಮೂಲೆಯನ್ನು ದುಂಡಾಗಿಸುವಾಗ ತಂತ್ರಾಂಶ ಮಾಡುವುದು ಇಷ್ಟೇ: ಮೂಲೆಯ ತುದಿಯನ್ನು ಕತ್ತರಿಸಿ, ಎರಡೂ ಬದಿಗೆ ತಾಗುವಂತೆ ಇಂಥದೊಂದು ಕಂಸವನ್ನು ಬೆಸೆಯುವುದು.

ಒಂದು ಬೇಡಿಕೆಯ ಕಥೆ

ಮೂಲೆಯನ್ನು ದುಂಡಾಗಿಸಿಕೊಡಿರೆಂಬ ಬೇಡಿಕೆಯಿಂದ ಗಣಕಯಂತ್ರದ ಮುಖಚರ್ಯೆಯೇ ಬದಲಾದ ಪ್ರಸಂಗವೊಂದುಂಟು. 1981ರ ಮೇ ತಿಂಗಳು. ಅಮೆರಿಕದ ಆಪಲ್ ಸಂಸ್ಥೆಯಲ್ಲಿ ಬಿಲ್ ಅಟ್ಕಿನ್‌ಸನ್ ಎಂಬ ಪ್ರವೀಣನು ವೃತ್ತಗಳನ್ನೂ ಅಂಡಾಕೃತಿಗಳನ್ನೂ ಕ್ಷಣಾರ್ಧದಲ್ಲಿ ತೆರೆಯ ಮೇಲೆ ಮೂಡಿಸುವ ಉಪಾಯವನ್ನು ಕಂಡುಹಿಡಿದಿದ್ದ. ಬೆಸ ಸಂಖ್ಯೆಗಳನ್ನು ಕೂಡುತ್ತ ಹೋದರೆ ವರ್ಗಸಂಖ್ಯೆಗಳೇ ದೊರೆಯುತ್ತವೆಂಬುದನ್ನು — 1 ಮತ್ತು 3 ಕೂಡಿದರೆ 4, ಅದಕ್ಕೆ 5 ಕೂಡಿದರೆ 9 — ಆತ ಬಳಸಿಕೊಂಡಿದ್ದ. ವರ್ಗಮೂಲ ತೆಗೆಯುವ ಶ್ರಮವೇ ಯಂತ್ರಕ್ಕೆ ಉಳಿದಿರಲಿಲ್ಲ. ಎಲ್ಲರೂ ಬೆರಗಾದರು. ಸ್ಟೀವ್ ಜಾಬ್ಸ್ ಮಾತ್ರ, ದುಂಡು ಮೂಲೆಯ ಚೌಕವನ್ನು ಬರೆಯಲು ಬರುವುದೇ ಎಂದು ಕೇಳಿದ. ಅದು ಕಠಿಣ, ಅದರ ಅಗತ್ಯವೂ ಇಲ್ಲವೆಂದು ಅಟ್ಕಿನ್‌ಸನ್ ವಾದಿಸಿದ. ಜಾಬ್ಸ್ ಕೋಣೆಯೊಳಗಿನ ಮೇಜು, ಬರೆಯುವ ಹಲಗೆ ಮೊದಲಾದವುಗಳನ್ನು ತೋರಿಸಿದ. ಅಷ್ಟಕ್ಕೇ ಬಿಡದೆ ಅವನನ್ನು ಬೀದಿಗೆ ಕರೆದೊಯ್ದ. ಮೂರು ಬೀದಿ ದಾಟುವುದರೊಳಗೆ ಹದಿನೇಳು ದುಂಡು ಮೂಲೆಗಳು ಕಂಡವಂತೆ. ಕೊನೆಗೆ ವಾಹನ ನಿಲ್ಲಿಸಬಾರದೆಂಬ ಫಲಕದ ಮೂಲೆಯೂ ದುಂಡಾಗಿರುವುದನ್ನು ಕಂಡು ಅಟ್ಕಿನ್‌ಸನ್ ಸೋಲೊಪ್ಪಿದ. ಮರುದಿನವೇ ಉಪಕರಣ ಸಿದ್ಧವಾಗಿತ್ತು. ಸಹೋದ್ಯೋಗಿಯಾಗಿದ್ದ ಆಂಡಿ ಹರ್ಟ್ಸ್‌ಫೆಲ್ಡ್ ಈ ಪ್ರಸಂಗವನ್ನು ದಾಖಲಿಸಿದ್ದಾನೆ.

ಕೇಳಿದವನು ಗಣಿತ ಬಲ್ಲವನಲ್ಲ. ಬೀದಿಯನ್ನು ಕಣ್ಣಿಟ್ಟು ನೋಡಿದವನು. ಮಾಡಬಲ್ಲವನಿಗೆ ಅದರ ಅಗತ್ಯ ಕಂಡಿರಲಿಲ್ಲ. ಆದರೆ ಅಂದು ನೋಡಿದ ಬೀದಿ ಕ್ಯಾಲಿಫೋರ್ನಿಯದ್ದು. ಅದು ಹಾನಗಲ್ಲಿನ ಪೇಟೆಬೀದಿಯಾಗಿದ್ದರೆ ಬೇಡಿಕೆಯೂ ಬೇರೆಯಾಗುತ್ತಿತ್ತು.

ಚೌಕಕ್ಕೆ ದೊರೆತುದು ಅಕ್ಷರಕ್ಕೆ ದೊರೆಯಲಿಲ್ಲ

ಏಕೆಂದರೆ ಅಂದು ಪರಿಹಾರ ದೊರೆತುದು ಚೌಕಕ್ಕೆ. ಇಂದಿಗೂ ಅಂತರಜಾಲದ ವೆಕ್ಟರ್ ಚಿತ್ರಗಳ ನಿಯಮದಲ್ಲಿ ಆಯತಕ್ಕೆ ದುಂಡು ಮೂಲೆಯ ಅಳತೆಯನ್ನು ಒಮ್ಮೆ ಮಾತ್ರ ಕೊಡಬಹುದು. ನಾಲ್ಕು ಮೂಲೆಗಳಿಗೂ ಅದೇ ಅನ್ವಯಿಸುತ್ತದೆ. ಯಾವುದೇ ಆಕೃತಿಯ ಯಾವುದೇ ಮೂಲೆಯನ್ನು ಹಿಡಿದೆಳೆದು ದುಂಡಾಗಿಸುವ ಸೌಲಭ್ಯ ಇಲಸ್ಟ್ರೇಟರಿಗೆ ಬಂದುದು 2014ರಲ್ಲಿ, ಇಂಕ್‌ಸ್ಕೇಪಿನ 1.0 ಆವೃತ್ತಿಯಲ್ಲಿ ಅಂಥ ಸೌಲಭ್ಯ ಸೇರಿದುದು 2020ರ ಮೇ ತಿಂಗಳಲ್ಲಿ. ಬಳಸುವವರು ಬಹುಕಾಲದಿಂದ ಬಯಸಿದ್ದ ಸುಧಾರಣೆಗಳಿವು.

ಅದಕ್ಕೆ ಮೊದಲು ರೂಢಿಯಲ್ಲಿದ್ದ, ಇಂದೂ ಹಲವರು ಬಳಸುವ ಉಪಾಯವೊಂದುಂಟು: ಇಡೀ ಅಕ್ಷರವನ್ನು ಒಂದು ಅಳತೆಯಷ್ಟು ಒಳಕ್ಕೆ ಕುಗ್ಗಿಸಿ, ಮತ್ತೆ ಅಷ್ಟೇ ಹೊರಕ್ಕೆ ಉಬ್ಬಿಸುವುದು. ಉಬ್ಬುವಾಗ ಮೂಲೆಗಳು ದುಂಡಾಗುತ್ತವೆ. ಧನಲಕ್ಷ್ಮಿಯ ಕುತ್ತು ಇಲ್ಲಿಯೇ. ಅಕ್ಷರದ ಮುಖ್ಯ ಗೆರೆ ಎರಡು ಅಂಗುಲ ದಪ್ಪ, ‘ಧ’ದ ಗೀಟು ಅರ್ಧ ಅಂಗುಲ ದಪ್ಪ ಎಂದಿಟ್ಟುಕೊಂಡರೆ, ಕಾಲು ಅಂಗುಲಕ್ಕಿಂತ ಹೆಚ್ಚು ಕುಗ್ಗಿಸಿದೊಡನೆ ಗೀಟು ಎರಡು ಕಡೆಯಿಂದಲೂ ಸವೆದು ಇಲ್ಲವಾಗುತ್ತದೆ. ಇಲ್ಲವಾದುದು ಮರಳಿ ಉಬ್ಬದು. ದಪ್ಪ ಗೆರೆ ಮಾತ್ರ ಸುಖವಾಗಿ ಉಳಿದುಕೊಳ್ಳುತ್ತದೆ.

ಎರಡನೆಯ ತೊಡಕು ಬಳುಕಿನದು. ಎರಡು ನೇರ ಗೆರೆ ಕೂಡುವ ಮೂಲೆಗೆ ಕಂಸ ಬೆಸೆಯುವುದು ಶಾಲೆಯ ರೇಖಾಗಣಿತ. ಎರಡು ಬಳುಕುಗಳು ಕೂಡುವಲ್ಲಿ ತಾಗುವ ವೃತ್ತವನ್ನು ಹುಡುಕುವುದು ಅಷ್ಟು ಸುಲಭವಲ್ಲ. ಯಂತ್ರ ತಡವಿ ತಡವಿ ಸಮೀಪಕ್ಕೆ ಬರಬೇಕಾಗುತ್ತದೆ. ರೋಮನ್ ಲಿಪಿಯ ದೊಡ್ಡಕ್ಷರಗಳಲ್ಲಿ ನೇರ ಗೆರೆಗಳೇ ಬಹಳ. ಕನ್ನಡದಲ್ಲಿ ತಲೆಕಟ್ಟು ಕೂಡುವ ಎಡೆ, ಕೊಂಬು ತಿರುಗುವ ಎಡೆ, ಒತ್ತಕ್ಷರದ ಸುಳಿ — ಎಲ್ಲವೂ ಬಳುಕಿಗೆ ಬಳುಕು ಸೇರುವ ಸಂಧಿಗಳು. ಚೌಕವನ್ನು ಮನಸ್ಸಿನಲ್ಲಿಟ್ಟು ಮಾಡಿದ ಉಪಕರಣ ಇಲ್ಲಿ ಎಡವುವುದು ಸಹಜ.

ಕೇಳಬೇಕಾದುದೇನು?

ಹಾಗಾದರೆ ಫಲಕ ರಚಿಸುವ ತರುಣ ತಂತ್ರಾಂಶ ರಚಿಸುವವರನ್ನು ಏನು ಕೇಳಬೇಕು? ಬೇಡಿಕೆಗಳು ಬಹಳವಿಲ್ಲ, ಆದರೆ ಒಂದೊಂದಕ್ಕೂ ಕಾರಣವುಂಟು.

ಮೊದಲನೆಯದು, ಬೇಕಾದ ಮೂಲೆಯನ್ನು ಮಾತ್ರ ಆರಿಸಿ ದುಂಡಾಗಿಸುವ ಸ್ವಾತಂತ್ರ್ಯ ಸುಲಭವಾಗಿ ಕೈಗೆಟುಕಬೇಕು. ಇಷ್ಟು ಅಳತೆಗಿಂತ ತೆಳುವಾದ ಭಾಗವನ್ನು ಮುಟ್ಟಬೇಡವೆಂದು ಹೇಳಲು ಅನುವಿರಬೇಕು. ಯಾವುದಾದರೂ ಭಾಗ ಅಳಿಯುವಂತಿದ್ದರೆ ಯಂತ್ರ ಮೊದಲೇ ಎಚ್ಚರಿಸಬೇಕು. ಇಷ್ಟಾದರೆ ಧನ ದನವಾಗದು.

ಎರಡನೆಯದು, ಮಾಡಿದ ದುಂಡನ್ನು ಮತ್ತೆ ಬದಲಾಯಿಸಲು ಬರಬೇಕು. ಬರೆಹ ಬರೆಹವಾಗಿಯೇ ಉಳಿಯಬೇಕು. ಬಹಳ ಸಂದರ್ಭಗಳಲ್ಲಿ ಅಕ್ಷರವನ್ನು ಬರಿಯ ಗೆರೆಗಳನ್ನಾಗಿ ಮಾರ್ಪಡಿಸಿದ ಮೇಲೆಯೇ ಮೂಲೆಗಳಿಗೆ ಕೈಹಾಕಬೇಕಾಗುತ್ತದೆ. ಆಮೇಲೆ ಒಂದು ಕಾಗುಣಿತದ ತಪ್ಪು ಕಂಡರೂ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಸಂಜೆಯೊಳಗೆ ಫಲಕ ಒಪ್ಪಿಸಬೇಕಾದವನು ಎಷ್ಟೋ ಸಲ ತಪ್ಪನ್ನು ಹಾಗೆಯೇ ಬಿಟ್ಟುಬಿಡಲು ಇದೊಂದು ಕಾರಣ.

ಮೂರನೆಯದು, ಹಿಗ್ಗಿಸಿದಾಗ ಮತ್ತು ಕುಗ್ಗಿಸಿದಾಗ ಮೂಲೆ ಕೆಡಬಾರದು. ಉದ್ದನೆಯ ಫಲಕವನ್ನು ತುಂಬಲು ಅಕ್ಷರವನ್ನು ಅಡ್ಡಕ್ಕೆ ಎರಡರಷ್ಟು ಎಳೆದರೆ, ಹತ್ತು ಅಳತೆಯ ದುಂಡು ಅಡ್ಡಕ್ಕೆ ಇಪ್ಪತ್ತು, ಉದ್ದಕ್ಕೆ ಹತ್ತು ಆಗಿ ಚಪ್ಪಟೆಯಾಗುತ್ತದೆ. ಒತ್ತಕ್ಷರಕ್ಕಾಗಿ ಅರ್ಧಕ್ಕೆ ಕುಗ್ಗಿಸಿದರೆ ದುಂಡೂ ಅರ್ಧವಾಗಿ, ಮೇಲಿನ ಅಕ್ಷರ ಒಂದು ಕೈಯದು, ಕೆಳಗಿನ ಒತ್ತು ಇನ್ನೊಂದು ಕೈಯದು ಎನಿಸುತ್ತದೆ. ಆಯತದ ಮೂಲೆ ಗಾತ್ರದೊಡನೆ ಬದಲಾಗಬೇಕೇ ಬೇಡವೇ ಎಂದು ಆರಿಸಿಕೊಳ್ಳುವ ಅವಕಾಶ ಇಂಕ್‌ಸ್ಕೇಪಿನಲ್ಲಿ ಉಂಟು. ಅಂಥ ಆಯ್ಕೆ ಎಲ್ಲ ಆಕೃತಿಗಳಿಗೂ ಎಲ್ಲ ತಂತ್ರಾಂಶಗಳಲ್ಲಿಯೂ ಬೇಕು.

ನಾಲ್ಕನೆಯದು, ತಿರುವು ಮೆಲ್ಲಗೆ ಆರಂಭವಾಗಬೇಕು. ಹುಬ್ಬಳ್ಳಿಯಿಂದ ಸವಣೂರು ತಾಲೂಕಿನ ಯಲವಿಗಿಯ ಮೂಲಕ ಹಾವೇರಿಗೆ ರೈಲಿನಲ್ಲಿ ಹೋಗುವವರು ತಿರುವಿನಲ್ಲಿ ಮುಗ್ಗರಿಸುವುದಿಲ್ಲ. ರೈಲುಹಾದಿ ಹಾಕುವವರು ನೇರ ಹಳಿಗೂ ವೃತ್ತಾಕಾರದ ತಿರುವಿಗೂ ನಡುವೆ ಕ್ರಮೇಣ ಬಾಗುವ ತುಂಡೊಂದನ್ನು ಸೇರಿಸುವ ಪದ್ಧತಿಯಿದೆ. ನೇರ ಗೆರೆಗೆ ಥಟ್ಟನೆ ಕಂಸ ಅಂಟಿಸಿದ ಮೂಲೆಯಲ್ಲಿ ಕಣ್ಣೂ ಮುಗ್ಗರಿಸುತ್ತದೆ. ಕುಂಚದ ತಿರುವು ಹಿತವಾಗಿ ಕಂಡದ್ದು ಅದು ಎಂದೂ ಥಟ್ಟನೆ ತಿರುಗದಿದ್ದುದರಿಂದ.

ಐದನೆಯದು ಭಾಷೆಯ ಮಾತು. ಉಪಕರಣದ ಹೆಸರು, ಅದು ಮಾಡುವ ಕೆಲಸದ ವಿವರಣೆ ಕನ್ನಡದಲ್ಲಿರಬೇಕು. ಮೂಲೆಯನ್ನು ಸುತ್ತಿಗೆ ಉಳಿಗಳಿಂದ ಬಲ್ಲ ಬಡಿಗೇರರ ಮನೆಯ ಹುಡುಗನಿಗೆ ‘ಫಿಲೆಟ್’, ‘ಚಾಂಫರ್’ ಎಂಬ ಹೆಸರುಗಳು ಏನನ್ನೂ ಹೇಳುವುದಿಲ್ಲ. ‘ಮೂಲೆ ದುಂಡಾಗಿಸು’, ‘ಮೂಲೆ ಓರೆಯಾಗಿ ಕತ್ತರಿಸು’ ಎಂದರೆ ಆ ಕ್ಷಣವೇ ತಿಳಿಯುತ್ತದೆ.

ಇವೆಲ್ಲ ಬರಿಯ ಅಂದಚಂದದ ಹಂಬಲವೆಂದು ತಿಳಿಯಬಾರದು. ಅಂಟುಹಾಳೆಯಲ್ಲಿ ಕತ್ತರಿಸಿ ಗಾಜಿಗೆ ಅಂಟಿಸಿದ ಅಕ್ಷರ ಮೊದಲು ಎದ್ದುಕೊಳ್ಳುವುದು ಚೂಪು ಮೂಲೆಯಲ್ಲಿ. ದುಂಡು ಮೂಲೆ ಹೆಚ್ಚು ಬಾಳುತ್ತದೆ. ಅಕ್ರಿಲಿಕ್ ಹಲಗೆಯಲ್ಲಿ ಒಳಮೂಲೆ ಚೂಪಾದರೆ ಬಿರುಕು ಹೊರಡುವುದು ಅಲ್ಲಿಂದಲೇ. 1954ರಲ್ಲಿ ಇಂಗ್ಲೆಂಡಿನ ಎರಡು ಕಾಮೆಟ್ ವಿಮಾನಗಳು ಮೆಡಿಟರೇನಿಯನ್ ಸಮುದ್ರದ ಮೇಲೆ ಆಕಾಶದಲ್ಲಿಯೇ ಒಡೆದುಹೋದಾಗ, ಫಾರ್ನ್‌ಬರೊದ ತಜ್ಞರು ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು ಪರೀಕ್ಷಿಸಿದರು. ಕಿಟಕಿಯಂಥ ತೆರಪುಗಳ ಮೂಲೆಯ ಬಳಿ ಒತ್ತಡ ಸೇರಿ, ಲೋಹ ದಣಿದು ಬಿರುಕುಬಿಟ್ಟಿತೆಂದು ತಿಳಿದುಬಂತು. ಮೂಲೆಯ ದುಂಡುತನ ಜೀವರಕ್ಷಣೆಯ ಮಾತೂ ಆಗಬಲ್ಲುದು.

ಕೇಳುವವರು ಯಾರು?

ಕನ್ನಡಕ್ಕೆ ಸ್ಥಾನ ಬೇಕೆಂದು ಕೇಳುವ ವಾಡಿಕೆ ಈ ಸೀಮೆಗೆ ಹೊಸದಲ್ಲ. ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ಕುರಿತು 1981ರಲ್ಲಿ ವರದಿ ಒಪ್ಪಿಸಿದ ಸಮಿತಿಯ ಅಧ್ಯಕ್ಷರಾದ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದುದು ಸವಣೂರಿನಲ್ಲಿ; ಆ ವರದಿಯ ಜಾರಿಗಾಗಿ 1982ರಲ್ಲಿ ನಾಡೇ ಬೀದಿಗಿಳಿಯಿತು. ಈಚೆಗೆ 2024ರಲ್ಲಿ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿಯ ಕಾನೂನಿಗೆ ತಿದ್ದುಪಡಿ ತಂದು, ಅಂಗಡಿ ಮೊದಲಾದವುಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ, ಇರಬೇಕೆಂದು ವಿಧಿಸಲಾಗಿದೆ. ಕಾನೂನು ಕನ್ನಡಕ್ಕೆ ಜಾಗವನ್ನು ಕೊಡಬಲ್ಲುದು. ಆ ಜಾಗದಲ್ಲಿ ‘ಧ’ವು ‘ಧ’ವಾಗಿಯೇ ಉಳಿಯುವಂತೆ ನೋಡಿಕೊಳ್ಳುವ ಹೊಣೆ ಉಪಕರಣದ್ದೂ ಅದನ್ನು ಬಳಸುವವರದೂ ಆಗಿದೆ.

ಇಂಕ್‌ಸ್ಕೇಪಿನಂಥ ಉಚಿತ ತಂತ್ರಾಂಶವನ್ನು ಬೆಳೆಸುವವರು ಹೆಚ್ಚಾಗಿ ಸ್ವಯಂಸೇವಕರು. ಬಳಸುವವರು ತಿಳಿಸಿದ ದೋಷಗಳನ್ನೂ ಬೇಡಿಕೆಗಳನ್ನೂ ಅವರು ಎಲ್ಲರಿಗೂ ಕಾಣುವಂತೆ ದಾಖಲಿಸಿಕೊಳ್ಳುತ್ತಾರೆ. ಆದರೆ ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ದೂರದೇಶದ ತಂತ್ರಜ್ಞನಿಗೆ ತಾನಾಗಿ ಹೊಳೆಯಲಾರದು. ಅವನಿಗೆ ಅದನ್ನು ತೋರಿಸಬೇಕಾದವರು ಕನ್ನಡಿಗರೇ. ತೋರಿಸುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ: ದುಂಡಾಗಿಸುವ ಮುಂಚಿನ ಚಿತ್ರವೊಂದು, ಅನಂತರದ ಚಿತ್ರವೊಂದು, ಕೊಟ್ಟ ಅಳತೆ, ಅದರಿಂದ ಮಾತಿನ ಅರ್ಥ ಕೆಟ್ಟ ಬಗೆ — ಇಷ್ಟನ್ನು ನಾಲ್ಕು ಸಾಲಿನಲ್ಲಿ ತಿಳಿಸಿದರೆ ಸಾಕು. ‘ನಿಮ್ಮ ಉಪಕರಣ ಚೆನ್ನಾಗಿಲ್ಲ’ ಎಂದು ಗೊಣಗಿದರೆ ಕೇಳುವವರಿಗೆ ಏನೂ ತಿಳಿಯದು; ‘ಧನ ದನವಾಯಿತು, ಇಗೋ ನೋಡಿ’ ಎಂದರೆ ಯಾರಿಗಾದರೂ ತಿಳಿಯುತ್ತದೆ.

ಕಾಲೇಜುಗಳ ಕನ್ನಡ ವಿಭಾಗಗಳೂ ಗಣಕ ವಿಭಾಗಗಳೂ ಒಟ್ಟಾಗಿ ಕುಳಿತು ಇಂಥ ಉದಾಹರಣೆಗಳನ್ನು ಕೂಡಿಹಾಕಬಹುದು. ಹಳೆಯ ಪೇಂಟರುಗಳು ಇನ್ನೂ ಊರೂರುಗಳಲ್ಲಿದ್ದಾರೆ. ಅವರನ್ನು ಕರೆದು, ತಲೆಕಟ್ಟಿನ ತಿರುವನ್ನು ಕುಂಚ ಹೇಗೆ ತಿರುಗುತ್ತದೆಂಬುದನ್ನು ಹುಡುಗರೆದುರು ಬರೆಯಿಸಿ ನೋಡಬಹುದು. ಆ ಕೈಯ ವಿವೇಕ ಮರೆಯಾಗುವ ಮುನ್ನ ಅದನ್ನು ಬೇಡಿಕೆಯ ರೂಪದಲ್ಲಿ ಯಂತ್ರಕ್ಕೆ ತಿಳಿಸಬೇಕಾಗಿದೆ.

ಅಲ್ಲಿಯವರೆಗೆ ಧನಲಕ್ಷ್ಮಿ ಅಂಗಡಿಯ ಯಜಮಾನರು ಏನು ಮಾಡಬೇಕು? ಫಲಕವನ್ನು ಇಳಿಸಿ ಮತ್ತೊಂದು ಮಾಡಿಸಿದರೆ ಖರ್ಚು. ನೆರೆಯ ಓಣಿಯಲ್ಲಿರುವ ಮುದುಕ ಪೇಂಟರನನ್ನು ಕರೆಯಿಸಿ, ನಿಚ್ಚಣಿಕೆಯ ಮೇಲೆ ಹತ್ತಿಸಿ, ‘ದ’ದ ಅಡಿಯಲ್ಲಿ ಒಂದು ಗೀಟು ಹಾಕಿಸುವುದೇ ಸದ್ಯಕ್ಕೆ ಸುಲಭದ ದಾರಿ. ಆ ತರುಣನು ಕೆಳಗೆ ನಿಂತು ನಿಚ್ಚಣಿಕೆಯನ್ನು ಹಿಡಿದುಕೊಂಡು, ಕುಂಚದ ತುದಿ ಮೊನೆಯಾಗುವುದನ್ನು ಗಮನವಿಟ್ಟು ನೋಡಲಿ.